ಕರ್ನಲ್ ಕೆಲಸ

ಮಗಳು ಬೆಂಗಳೂರಿನಲ್ಲಿ ಕರ್ನಲ್ ಕೆಲಸ ಮಾಡುತ್ತಾಳೆ ಎಂದರೆ ಎಚ್.ಡಿ.ಕೋಟೆಯ ನನ್ನಕ್ಕ, "ಮಿಲಿಟರಿಗೆ ಯಾವಾಗ ಸೇರಿದಳೇ?" ಎಂದು ಕೇಳಿದಳು. ಈ ಕರ್ನಲ್ಲಿಗೆ ಮೀಸೆಯಿಲ್ಲ. ಕಂಪ್ಯೂಟರಿನ ಒಳಗೆ ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವ ಯಜಮಾನ ಅದು. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಲಿನಕ್ಸ್ ಕರ್ನಲ್ ನಮ್ಮ ಆಂಡ್ರಾಯ್ಡ್ ಫೋನಿನೊಳಗೂ ಇದೆ.

ಅದರ ತಪ್ಪು ಹುಡುಕುವ ಏರ್ಪಾಡುಗಳನ್ನು ಮೊದಲೇ ಆರಿಸಿಟ್ಟು, ಆಮೇಲೆ ಕರ್ನಲ್ ಕಟ್ಟಬೇಕಂತೆ. ದಸರಾ ರಜೆಗೆ ಬಂದವಳು ನೀಲಿ ಪರದೆಯ ಮೇಲೆ ಆ ಪಟ್ಟಿ ತೋರಿಸಿದಳು. ‘ಲಾಕ್‌ಡೆಪ್’ ಎಂಬುದು ನನಗೆ ಬಹಳ ಹಿಡಿಸಿತು, 2006ರಲ್ಲಿ ಸೇರಿದ್ದು. ಒಬ್ಬ ಸೊಸೆ ಒರಳು ಹಿಡಿದು ಒನಕೆಗೆ ಕಾಯುತ್ತಾಳೆ, ಇನ್ನೊಬ್ಬಳು ಒನಕೆ ಹಿಡಿದು ಒರಳಿಗೆ. ಭತ್ತ ಕುಟ್ಟುವವರು ಯಾರು? ಅವರು ಕೈಹಾಕುವ ಕ್ರಮ ನೋಡಿಯೇ, ಕೆಲಸ ನಿಲ್ಲುವ ಮೊದಲೇ ಇದು ಎಚ್ಚರಿಸುತ್ತದೆ. (ನಮ್ಮತ್ತೆಗೂ ಈ ವಿದ್ಯೆಯಿತ್ತು.) ‘ಕೆಸ್ಯಾನ್’ ಎಂಬ ಕಾವಲುಗಾರ ತನ್ನದಲ್ಲದ ಜಾಗ ಮುಟ್ಟಿದವರನ್ನು ಹಿಡಿಯುತ್ತಾನೆ, ಸಂಬಳಕ್ಕೆ ಮೆಮೊರಿಯ ಎಂಟನೇ ಒಂದು ಪಾಲು ಕೇಳುತ್ತಾನೆ.

"ಎಲ್ಲಕ್ಕೂ ಗುರುತು ಹಾಕಿಬಿಡಬಾರದೇ?" ಎಂದೆ.

"ಹಾಕಿದರೆ ಯಂತ್ರ ಆಮೆಯಾಗುತ್ತದಮ್ಮ. ಕೆಲವು ತಪ್ಪುಗಳಂತೂ ವೇಗ ಬದಲಾದ ಕೂಡಲೇ ಅಡಗಿ ಕೂರುತ್ತವೆ."

ಬಿ.ಇ.ಓ. ಸಾಹೇಬರು ಬಂದ ದಿನ ನನ್ನ ಏಳನೇ ತರಗತಿಯ ಹುಡುಗರೂ ಹಾಗೆಯೇ.

ನಮ್ಮ ಹುಣಸೂರಿನ ಕಡೆ ತಂಬಾಕಿನ ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಬಾಗಿಲು ತೆಗೆಯುವಂತಿಲ್ಲ, ಕಾವು ಹೋಗಿ ಎಲೆ ಕೆಡುತ್ತದೆ. ಗಾಜಿನ ಕಿಂಡಿಯಿಂದಲೇ ಥರ್ಮಾಮೀಟರ್ ನೋಡಬೇಕು. ಕರ್ನಲ್ಲಿಗೂ ಅಂಥ ಕಿಂಡಿಯಿದೆ, 2004ರಲ್ಲಿ ಸೇರಿದ ‘ಕೆಪ್ರೋಬ್ಸ್’. ಓಡುತ್ತಿರುವ ಕರ್ನಲ್ಲಿನ ಒಂದು ಆದೇಶದ ಜಾಗದಲ್ಲಿ ತಡೆಯಿಟ್ಟು, ಬೇಕಾದ ವಿವರ ಪಡೆದು, ಮೂಲ ಆದೇಶದ ಪ್ರತಿಯನ್ನು ನಡೆಸಿ ಮುಂದಕ್ಕೆ ಬಿಡುತ್ತದೆ. 2006ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಇದರ ಬಗ್ಗೆ ಪ್ರಬಂಧ ಬರೆದವರ ಸಾಲಿನಲ್ಲಿ ಅನಂತ್ ಮಾವಿನಕಾಯನಹಳ್ಳಿ, ಪ್ರಸನ್ನ ಪಂಚಮುಖಿ, ಅನಿಲ್ ಕೇಶವಮೂರ್ತಿ ಎಂಬ ಹೆಸರುಗಳನ್ನು ನೋಡಿ ಕನ್ನಡಕ ಒರೆಸಿಕೊಂಡೆ. ಮಾವಿನಕಾಯನಹಳ್ಳಿ! ಕೆ.ಆರ್.ನಗರದ ಬಸ್ಸಿನ ಬೋರ್ಡಿನ ಮೇಲೆ ಇರಬೇಕಾದ ಹೆಸರು.

ಮೊನ್ನೆ ಪಿರಿಯಾಪಟ್ಟಣದಿಂದ ಗಂಡಿನ ಕಡೆಯವರು ಬಂದಿದ್ದರು. "ರಾತ್ರಿ ಎದ್ದು ಕೂರುವ ಕೆಲಸವಂತೆ, ಮದುವೆಯಾದ ಮೇಲೆ ಬಿಡುತ್ತಾಳೆ ತಾನೇ?" ಎಂದರು. ನಮ್ಮೆಜಮಾನರು ನನ್ನ ಮುಖ ನೋಡಿದರು.

"ನಿಮ್ಮದೂ ತಂಬಾಕಿನ ಮನೆ. ಬ್ಯಾರನ್ ಉರಿಯುವಾಗ ರಾತ್ರಿ ಯಾರು ಕಾಯುತ್ತೀರಿ?" ಎಂದೆ.

"ನಾನೇ," ಎಂದರು ಹುಡುಗನ ತಾಯಿ, ಸೆರಗು ಸರಿಮಾಡಿಕೊಳ್ಳುತ್ತ. ಅವರ ಯಜಮಾನರು ಕಾಫಿ ಲೋಟ ಕೆಳಗಿಟ್ಟರು.

ಹದಿನೈದು ದಿನವಾಯಿತು, ಫೋನು ಬಂದಿಲ್ಲ. ಮಗಳೂ ಕೇಳಿಲ್ಲ.