ತುಟ್ಟಿ ಮತ್ತು ಭತ್ಯೆ

2025ರ ಅಕ್ಟೋಬರ್ 1, ಮಹಾನವಮಿ. ಊರಿನಲ್ಲಾದರೆ ಆಯುಧಪೂಜೆಯ ಸಡಗರ. ಇಲ್ಲಿ ವಡಾಲದಲ್ಲಿ, ಸರಕಾರಿ ವಸತಿಗೃಹಗಳ ಅಂಗಳದಲ್ಲಿ, ಅಂದು ಸಂಜೆ ಬೇರೊಂದು ಸಡಗರವಿತ್ತು. ಕೇಂದ್ರ ಸಚಿವ ಸಂಪುಟವು ನೌಕರರ ತುಟ್ಟಿಭತ್ಯೆಯನ್ನು ಶೇಕಡಾ 55ರಿಂದ 58ಕ್ಕೆ ಏರಿಸಿದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಜುಲೈ 1ರಿಂದಲೇ ಅನ್ವಯ, ಅಂದರೆ ಮೂರು ತಿಂಗಳ ಬಾಕಿ ದೀಪಾವಳಿಗೆ ಮೊದಲೇ ಕೈಸೇರುವ ಸಂಭವ. ಕಲ್ಲುಬೆಂಚಿನ ಮೇಲೆ ಕುಳಿತ ನಾವೆಲ್ಲ, ಮರಾಠಿಗರು, ಮಲಯಾಳಿಗಳು, ಬಿಹಾರಿಗಳು, ನಾಲ್ಕಾರು ಮಂದಿ ಕನ್ನಡಿಗರು, ಒಂದೇ ಭಾಷೆಯಲ್ಲಿ ಮಾತಾಡುತ್ತಿದ್ದೆವು: ಶೇಕಡಾವಾರು ಲೆಕ್ಕದ ಭಾಷೆ. ಮಾತು ಎಂಟನೆಯ ವೇತನ ಆಯೋಗಕ್ಕೆ ಹೊರಳಿತು. ಹಿಂದಿನ ಆಯೋಗ ಮೂಲವೇತನವನ್ನು 2.57ರಿಂದ ಗುಣಿಸಿತ್ತು, ಈ ಬಾರಿ ಎಷ್ಟರಿಂದ ಗುಣಿಸಬಹುದು ಎಂಬ ಚರ್ಚೆ ಕತ್ತಲಾದರೂ ಮುಗಿಯಲಿಲ್ಲ.

ಚರ್ಚೆಯಿಂದೆದ್ದು ನಾವು ಎಂದಿನಂತೆ ರಸ್ತೆಯಾಚೆಯ ಪುಟ್ಟ ಹೋಟೆಲಿಗೆ ನಡೆದೆವು. ಮೋನೋರೈಲು ಹಾದುಹೋಗುವ ಕಂಬಗಳಿಂದ ಅದು ದೂರವಿಲ್ಲ. 2014ರ ಫೆಬ್ರವರಿಯಲ್ಲಿ ವಡಾಲದಿಂದ ಚೆಂಬೂರಿಗೆ ಮೋನೋ ಓಡತೊಡಗಿದಾಗ, ಇನ್ನು ಈ ಭಾಗದ ಭಾಗ್ಯವೇ ತೆರೆಯಿತೆಂದು ಎಲ್ಲರೂ ಹೇಳಿದ್ದರು. 2025ರ ಸೆಪ್ಟೆಂಬರ್ 20ರಿಂದ, ಸುಧಾರಣೆಯ ಹೆಸರಿನಲ್ಲಿ ಅದರ ಓಡಾಟ ನಿಂತಿತ್ತು. ಹೋಟೆಲಿನ ಯಜಮಾನರು ಕುಂದಾಪುರದ ಕಡೆಯವರು. ಹುಡುಗರಾಗಿದ್ದಾಗ ಮುಂಬಯಿಗೆ ಬಂದು, ಲೋಟ ತೊಳೆದು, ಟೇಬಲು ಒರೆಸಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು. ಅಂಥ ಕತೆ ನಮ್ಮ ಓದುಗರಿಗೆ ಹೊಸದಲ್ಲ.

“ಎಂತ ಸಾರ್, ಇವತ್ತ್ ಎಲ್ರೂ ಭಾರಿ ಖುಷಿಯಲ್ಲಿದ್ರಿ?” ಎಂದು ಅವರು ಕೇಳಿದರು. ನಾವು ವಿವರಿಸಿದೆವು. ಪೇಟೆಯಲ್ಲಿ ಬೆಲೆ ಏರಿದಷ್ಟೂ ನೌಕರನ ಸಂಬಳ ಸವೆಯುತ್ತದೆ, ಸವೆದದ್ದನ್ನು ತುಂಬಿಕೊಡಲು ಸರಕಾರ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಗೆ, ಭತ್ಯೆಯನ್ನು ಪರಿಷ್ಕರಿಸುತ್ತದೆ ಎಂದೆವು. ಅವರು ಚಿಲ್ಲರೆ ಎಣಿಸುತ್ತಲೇ ಕೇಳಿಸಿಕೊಂಡರು. ಎಣಿಸಿ ಮುಗಿಸಿ ಹೇಳಿದರು: “ಹಂಗಾರೆ ತುಟ್ಟಿ ನಮ್ಗೆ, ಭತ್ಯೆ ನಿಮ್ಗೆ ಅಂದಂಗಾಯ್ತ್.”

ಅವರ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾವು ನಕ್ಕು ಮರೆತುಬಿಡುತ್ತಿದ್ದೆವು.

2025ರಲ್ಲಿ ತೆಂಗಿನಕಾಯಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಮನೆಗಳಲ್ಲಿ ಅದು ಒಂದೆರಡು ದಿನದ ಗೊಣಗಾಟ, ಉಡುಪಿ ಹೋಟೆಲಿಗೆ ಅದು ಉಸಿರಿನ ಪ್ರಶ್ನೆ. ಇಡ್ಲಿಯ ಜೊತೆ ಚಟ್ನಿಯನ್ನು ಎರಡನೆಯ ಬಾರಿ ಕೇಳಿದರೆ ಹುಡುಗ ಈಗ ಮೊದಲು ಯಜಮಾನರ ಮುಖ ನೋಡುತ್ತಾನೆ. ಜೂನ್ ತಿಂಗಳಲ್ಲಿ ಅವರು ಒಂದು ಪ್ಲೇಟು ಇಡ್ಲಿಗೆ 5 ರೂಪಾಯಿ ಏರಿಸಿದ್ದರು. ಅಂದು ಮುಖ ಸಿಂಡರಿಸಿದವರಲ್ಲಿ ನಾವೂ ಇದ್ದೆವು. “ಯಜಮಾನ್ರೆ, ಹೀಗಾದರೆ ನಾವು ಮನೆಯಲ್ಲೇ ತಿಂಡಿ ಮುಗಿಸಿ ಬರಬೇಕಾಗುತ್ತದೆ” ಎಂದು ಹೇಳಿಯೂ ಇದ್ದೆವು. ಒಂದು ವಾರದಲ್ಲಿ ಅವರು ಹಳೆಯ ಬೆಲೆಗೇ ಮರಳಿ, ಇಬ್ಬರು ಹುಡುಗರ ಪೈಕಿ ಒಬ್ಬನನ್ನು ಊರಿಗೆ ಕಳಿಸಿದರು. ಬೆಲೆ ಏರಿತೆಂದು ನಮಗೆ ಭತ್ಯೆ ಬೇಕು, ಆದರೆ ಬೆಲೆ ಏರಿಸುವ ಹಕ್ಕನ್ನು ನಾವು ಅವರಿಗೆ ಕೊಡಲಾರೆವು. ಈ ವಿಚಿತ್ರವನ್ನು ಮಹಾನವಮಿಯ ಆ ರಾತ್ರಿಯವರೆಗೆ ನಾವು ಗಮನಿಸಿಯೇ ಇರಲಿಲ್ಲ.

ತುಟ್ಟಿಭತ್ಯೆಯೆಂಬುದು ಆಕಾಶದಿಂದ ಇಳಿದುಬಂದದ್ದಲ್ಲ. ಅದರ ಚರಿತ್ರೆಯ ದೊಡ್ಡದೊಂದು ಭಾಗ ಇದೇ ಮುಂಬಯಿಯದು. ಎರಡನೆಯ ಮಹಾಯುದ್ಧ ಆರಂಭವಾಗಿ ಧಾನ್ಯದ ಬೆಲೆ ಏರತೊಡಗಿದಾಗ, 1940ರ ಮಾರ್ಚ್ ತಿಂಗಳಲ್ಲಿ, ಇಲ್ಲಿನ ಬಟ್ಟೆ ಗಿರಣಿಗಳ ಕಾರ್ಮಿಕರು ತುಟ್ಟಿಭತ್ಯೆಗಾಗಿಯೇ ಮುಷ್ಕರ ಹೂಡಿ ವಾರಗಟ್ಟಲೆ ಕೆಲಸಕ್ಕೆ ಹೋಗಲಿಲ್ಲ. ವಡಾಲದಿಂದ ಹಾರ್ಬರ್ ಲೈನಿನಲ್ಲಿ ಶಿವಡಿಗೆ ಒಂದೇ ನಿಲ್ದಾಣ. ಅದರಾಚೆ ಪರೇಲ್, ಲಾಲ್‌ಬಾಗ್, ಆ ಗಿರಣಿಗಳ ಊರು. ಕರಾವಳಿಯಿಂದ ಬಂದ ನಮ್ಮವರು ಅಲ್ಲಿ ಕ್ಯಾಂಟೀನು ನಡೆಸಿದರು, ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತರು. ಮುಂಬಯಿಯ ಕಾರ್ಮಿಕ ಬದುಕು ಕನ್ನಡಕ್ಕೆ ಅಪರಿಚಿತವಾಗಿ ಉಳಿಯದಿದ್ದುದಕ್ಕೆ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಸಾಕ್ಷಿ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಬಹುಮಂದಿ ಮತ್ತೆ ಒಳಹೋಗಲಿಲ್ಲ. ಗಿರಣಿಗಳಿದ್ದಲ್ಲಿ ಈಗ ಗೋಪುರಗಳೂ ಮಾಲುಗಳೂ ನಿಂತಿವೆ. ಭತ್ಯೆಗಾಗಿ ಹಸಿದು ನಿಂತವರ ಮಕ್ಕಳಲ್ಲಿ ಎಷ್ಟು ಮಂದಿಗೆ ಇಂದು ಭತ್ಯೆ ಇದೆಯೋ! ಅವರು ಕಾದಾಡಿ ನೆಟ್ಟ ಮರದ ಹಣ್ಣು ಮಾತ್ರ ಆರು ತಿಂಗಳಿಗೊಮ್ಮೆ ತಪ್ಪದೆ ನಮ್ಮ ಅಂಗಳಕ್ಕೆ ಬೀಳುತ್ತಿದೆ.

ಇನ್ನೊಂದು ಸಂಗತಿಯಿದೆ. ನಮ್ಮ ಭತ್ಯೆಯನ್ನು ನಿಗದಿಮಾಡುವ ಅಳತೆಗೋಲಿನ ಹೆಸರು ‘ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ’. ಕೇಂದ್ರದ ಕಾರ್ಮಿಕ ಬ್ಯೂರೋ ದೇಶದ 88 ಕೇಂದ್ರಗಳ ಮಾರುಕಟ್ಟೆಗಳಿಂದ ಅಕ್ಕಿ, ಬೇಳೆ, ಬಾಡಿಗೆ, ಬಟ್ಟೆ, ಬಸ್ಸಿನ ದರಗಳನ್ನು ಕೂಡಿಹಾಕಿ ಇದನ್ನು ತಯಾರಿಸುತ್ತದೆ. ಹನ್ನೆರಡು ತಿಂಗಳ ಸರಾಸರಿಯ ಮೇಲೆ ನಮ್ಮ ಶೇಕಡಾವಾರು ನಿಲ್ಲುತ್ತದೆ. ಕಾರ್ಖಾನೆ, ಗಣಿ, ತೋಟ, ರೈಲು, ಮೋಟಾರು ಸಾರಿಗೆ, ವಿದ್ಯುತ್ತು, ಬಂದರು, ಈ ಏಳು ವಲಯಗಳ ಕಾರ್ಮಿಕರ ಸಂಸಾರವನ್ನು ನೋಡಿ ಹೆಣೆದ ಲೆಕ್ಕವಿದು. ಹೋಟೆಲಿನ ಹುಡುಗ ಇದರಲ್ಲಿಲ್ಲ, ಮನೆಗೆಲಸದವಳೂ ಇಲ್ಲ. 2016ನ್ನು ಆಧಾರವರ್ಷವಾಗಿಟ್ಟು ಸೂಚ್ಯಂಕವನ್ನು ಹೊಸದಾಗಿ ಕಟ್ಟಿದಾಗ ಆಹಾರದ ಪಾಲು ಸುಮಾರು ಶೇಕಡಾ 46ರಿಂದ 39ಕ್ಕೆ ಇಳಿಯಿತು. ಸರಾಸರಿ ಸಂಸಾರದ ಖರ್ಚು ಬದಲಾದದ್ದಕ್ಕೆ ಅದು ಸರಿಯಾದ ಉತ್ತರವೇ ಇರಬಹುದು. ಆದರೆ ಸರಾಸರಿಯ ಮನೆಯಲ್ಲಿ ಯಾರೂ ವಾಸವಾಗಿರುವುದಿಲ್ಲ.

ಇದನ್ನು ನಮಗೆ ಕಲಿಸಿದವರು ನಮ್ಮ ಮನೆಗೆಲಸದ ಮಾವಶಿ. ಅವರು ಮಾನಖುರ್ದಿನಿಂದ ರೈಲಿನಲ್ಲಿ ಬಂದು, ಇಳಿದಲ್ಲಿಂದ ಬಸ್ಸು ಹಿಡಿದು ನಮ್ಮ ಕಟ್ಟಡಕ್ಕೆ ಬರುತ್ತಿದ್ದರು. ಇಲ್ಲಿ ಅವರಿಗೆ ಎರಡು ಮನೆ, ಒಂದೊಂದರಲ್ಲೂ 3,500 ರೂಪಾಯಿ. 2019ರಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿದಾಗ ಹಿಗ್ಗಿದವರಲ್ಲಿ ಅವರೂ ಒಬ್ಬರು. 2025ರ ಮೇ ತಿಂಗಳಲ್ಲಿ ಅದು 10 ರೂಪಾಯಿಯಾಯಿತು. ಅದೇ ವಾರ ಅವರು ಸಂಬಳಕ್ಕೆ 300 ರೂಪಾಯಿ ಸೇರಿಸಿರೆಂದು ಕೇಳಿದರು. ನಮ್ಮ ಮನೆಯಾಕೆ ನಮ್ಮ ಮುಖ ನೋಡಿದರು, ನಾವು ಪತ್ರಿಕೆ ನೋಡಿದೆವು. “ಮುಂದಿನ ತಿಂಗಳು ನೋಡೋಣ ಮಾವಶಿ” ಎಂದದ್ದಾಯಿತು. ಮುಂದಿನ ತಿಂಗಳು ಅವರು ಕೇಳಲಿಲ್ಲ, ನಾವು ನೋಡಲಿಲ್ಲ. ಬೆಳಿಗ್ಗೆ ಬರುವುದು ಮಾತ್ರ ಅರ್ಧ ಗಂಟೆ ತಡವಾಯಿತು. ಆ ತಡಕ್ಕೆ ನಾವು ಆಕ್ಷೇಪಿಸಿದ್ದೂ ಉಂಟು. ಬಸ್ಸು ಬಿಟ್ಟು ನಡೆದುಕೊಂಡು ಬರುತ್ತಿದ್ದಾರೆಂಬುದು ತಿಳಿದದ್ದು ಮಳೆಗಾಲದಲ್ಲಿ, ಮೊಣಕಾಲಿನವರೆಗೆ ಒದ್ದೆಯಾದ ಸೀರೆಯನ್ನು ಕಂಡಾಗ.

ಯಜಮಾನರ ಮಾತು ಕೇಳಿ ಬಂದ ರಾತ್ರಿ ನಾವಿಬ್ಬರೂ ಕಾಗದ ಹಿಡಿದು ಕುಳಿತೆವು. ನಮಗೆ ಸಿಕ್ಕ ಶೇಕಡಾ 3ನ್ನೇ ಮಾವಶಿಗೂ ಕೊಟ್ಟರೆ ನ್ಯಾಯವಾದೀತು ಎಂಬುದು ಮೊದಲ ಯೋಚನೆ. ಎರಡು ಮನೆಗಳ 7,000 ರೂಪಾಯಿಗೆ ಶೇಕಡಾ 3 ಎಂದರೆ 210. ಬಸ್ಸಿನ ದರ ಏರಿದ್ದರಿಂದ ತಿಂಗಳ 26 ದಿನಗಳಲ್ಲಿ, ಹೋಗಿಬರುವ ಲೆಕ್ಕದಲ್ಲಿ, ಹೆಚ್ಚಾದದ್ದು 260. ಎರಡೂ ಮನೆಯವರು ಧಾರಾಳವಾಗಿ ಸೂಚ್ಯಂಕದ ನ್ಯಾಯ ಮಾಡಿದರೂ ಬಸ್ಸೊಂದೇ ಅದನ್ನು ನುಂಗಿ ಇನ್ನೂ 50 ರೂಪಾಯಿ ಬೇಡುತ್ತದೆ. ನಮ್ಮ ಪಾಲಿಗೆ ಶೇಕಡಾ 3 ಏರಿದ ಬೆಲೆ ಅವರ ಪಾಲಿಗೆ, ಆ ಒಂದು ಬಾಬಿನಲ್ಲಾದರೂ, ನೂರಕ್ಕೆ ನೂರು ಏರಿತ್ತು.

ಎರಡನೆಯ ಲೆಕ್ಕ ಇನ್ನಷ್ಟು ನಾಚಿಕೆ ತಂದಿತು. 3,500 ಎಂದು ನಿಶ್ಚಯಿಸಿದ್ದು 2022ರ ಬೇಸಿಗೆಯಲ್ಲಿ. ಅಂದು ನಮ್ಮ ಭತ್ಯೆ ಶೇಕಡಾ 34 ಇತ್ತು. ಆಮೇಲೆ ಅದು ಏಳು ಬಾರಿ ಏರಿ 2025ರಲ್ಲಿ 58 ತಲುಪಿತ್ತು. ಮೂಲವೇತನದ ಪ್ರತಿ ನೂರು ರೂಪಾಯಿಗೆ ಅಂದು 134 ಪಡೆಯುತ್ತಿದ್ದವರು ಈಗ 158 ಪಡೆಯುವಂತಾಗಿತ್ತು. ಅದೇ ಪ್ರಮಾಣದಲ್ಲಿ ಮಾವಶಿಯ 3,500 ಆಗ 4,127 ಆಗಿರಬೇಕಿತ್ತು. ಅವರು ಕೇಳಿದ್ದು ಬರೇ 300. ಕೋವಿಡ್ ಕಾಲದಲ್ಲಿ ತಡೆಹಿಡಿದ ನಮ್ಮ ಮೂರು ಕಂತುಗಳ, ಹದಿನೆಂಟು ತಿಂಗಳ ಬಾಕಿಗಾಗಿ ನಾವು ಇಂದಿಗೂ ಕಲ್ಲುಬೆಂಚಿನ ಮೇಲೆ ಕುಳಿತು ನೊಂದುಕೊಳ್ಳುತ್ತೇವೆ. ನಮ್ಮ ಮನೆಯೊಳಗೇ ಮೂರು ವರ್ಷಗಳಿಂದ ಒಬ್ಬರ ಭತ್ಯೆಯನ್ನು ನಾವೇ ತಡೆಹಿಡಿದಿದ್ದೆವು. ಕರ್ನಾಟಕ 2004ರಲ್ಲಿಯೇ ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತೆಂದು ನಾವು ಇಲ್ಲಿನ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳುವುದುಂಟು. ಹೆಮ್ಮೆಗೆ ಖರ್ಚಿಲ್ಲ.

ಅಕ್ಟೋಬರಿನಿಂದ 4,200 ಎಂದು ತೀರ್ಮಾನವಾಯಿತು, ಮತ್ತು ಅವರು ಕೇಳಿದ ಮೇ ತಿಂಗಳಿಂದ ಬಾಕಿ. ಇದನ್ನು ಔದಾರ್ಯವೆಂದು ಹೇಳಿಕೊಳ್ಳಲು ಬಾಯಿ ಬಾರದು. ಸಲ್ಲಬೇಕಾದದ್ದು ತಡವಾಗಿ ಸಂದಿತು, ಅಷ್ಟೆ. ಮರುದಿನ ಅದೇ ಕಟ್ಟಡದ ಇನ್ನೊಂದು ಮನೆಯ ಸಹೋದ್ಯೋಗಿಗಳು ಲಿಫ್ಟಿನಲ್ಲಿ ಸಿಕ್ಕಿ, “ನೀವು ಹೀಗೆ ರೇಟು ಕೆಡಿಸಿದರೆ ನಮಗೆ ಕಷ್ಟ” ಎಂದರು. ಅವರೂ ಕಲ್ಲುಬೆಂಚಿನವರೇ, ಕೆಟ್ಟವರಲ್ಲ. ಮೇ ತಿಂಗಳಲ್ಲಿ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡ ನಾವು ಅವರಿಗೆ ಉಪದೇಶ ಹೇಳುವುದು ಹೇಗೆ? ಸುಮ್ಮನೆ ನಾಲ್ಕನೆಯ ಮಹಡಿಯಲ್ಲಿ ಇಳಿದುಕೊಂಡೆವು. ಯಜಮಾನರ ಹೋಟೆಲಿನಲ್ಲಿ ಇಡ್ಲಿಗೆ ಮತ್ತೆ 5 ರೂಪಾಯಿ ಏರಿದೆ. ನಾವು ಈ ಬಾರಿ ಏನೂ ಹೇಳಲಿಲ್ಲ. ಏನೂ ಹೇಳದವರ ಸಂಖ್ಯೆ ಸಾಕಷ್ಟಾದರೆ ಊರಿಗೆ ಹೋದ ಹುಡುಗ ಮರಳಿಯಾನು.

ಮಾವಶಿ ಹಣವನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಬಾಕಿ ಎಂಬ ಮಾತು ಕೇಳಿ ಸ್ವಲ್ಪ ನಕ್ಕರು. “ಇನ್ನು ಬಸ್ಸಿನಲ್ಲೇ ಬನ್ನಿ ಮಾವಶಿ, ಕಾಲು ನೋಯಿಸಿಕೊಳ್ಳಬೇಡಿ” ಎಂದು ನಮ್ಮ ಮನೆಯಾಕೆ ಹೇಳಿದಾಗ ತಲೆಯಾಡಿಸಿದರು. ಅವರ ಗಂಡ ಹೊಲಿಯುವ ಸಿದ್ಧ ಉಡುಪಿನ ಕಾರ್ಖಾನೆಯ ಮಾಲು ಅಮೆರಿಕಕ್ಕೆ ಹೋಗುವಂಥದು. 2025ರ ಆಗಸ್ಟ್ 27ರಂದು ನಮ್ಮ ದೇಶದ ಸರಕಿನ ಮೇಲೆ ಅಲ್ಲಿ ಶೇಕಡಾ 50ರಷ್ಟು ಸುಂಕ ಬಿದ್ದ ಮೇಲೆ ವಾರಕ್ಕೆ ಮೂರೇ ದಿನ ಕೆಲಸವಿತ್ತು. ವಾಷಿಂಗ್ಟನ್ನಿನ ಒಂದು ಸಹಿ ಮಾನಖುರ್ದಿನ ಒಂದು ಒಲೆಯನ್ನು ಹುಡುಕಿಕೊಂಡು ಬಂದಿತ್ತು. ಇದನ್ನು ಅವರು ಮೊದಲೇ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಅವರು ಈಗಲೂ ನಡೆದೇ ಬರುತ್ತಾರೆ. ಬಸ್ಸಿಗೆಂದು ಕೊಟ್ಟದ್ದು ಹಾಲಿಗೆ ಹೋಗುತ್ತಿದೆ. ತಡವಾಯಿತೆಂದು ನಾವು ಈಗ ಗಡಿಯಾರ ನೋಡುವುದಿಲ್ಲ.