ಹಾಡೂ ಇರಲಿ, ಓದೂ ಇರಲಿ

ಮಗ ಚೆನ್ನಾಗಿ ಹಾಡುತ್ತಾನೆಂದರೆ ಹೆತ್ತವರಿಗೆ ಹೆಮ್ಮೆ. ಹಾಡೇ ತನ್ನ ಬದುಕು ಎಂದರೆ ದಿಗಿಲು. ತುಮಕೂರು ರಸ್ತೆಯ ಅರಿಶಿನಕುಂಟೆಯಂಥ ಊರಿನಲ್ಲಿ, ತಿಂಗಳ ಸಂಬಳದ ಬೆಲೆ ಬಲ್ಲ ಮನೆಗಳಲ್ಲಿ, ಈ ದಿಗಿಲು ಸಹಜವೇ. ಅಂಥ ಮನೆಯವರು ಸಿ. ಅಶ್ವಥ್ ಅವರ ಬದುಕನ್ನೊಮ್ಮೆ ನೋಡಬೇಕು.

1939ರ ಡಿಸೆಂಬರ್ 29ರಂದು ಹುಟ್ಟಿದ ಅಶ್ವಥ್ ವಿಜ್ಞಾನ ಪದವೀಧರರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ದುಡಿದರು. ಜೊತೆಜೊತೆಗೇ ಹಿಂದೂಸ್ತಾನಿ ಕಲಿತರು, ನಾಟಕಗಳಿಗೆ ಸಂಗೀತ ಕೊಟ್ಟರು, ‘ಕಾಕನಕೋಟೆ’ಯ ಮೂಲಕ ಚಿತ್ರರಂಗಕ್ಕೂ ಬಂದರು. ಶಿಶುನಾಳ ಶರೀಫರ ತತ್ವಪದ, ಬೇಂದ್ರೆ-ಕುವೆಂಪು ಕವಿತೆ, ಜನಪದ ಧಾಟಿ, ಯಾವುದಕ್ಕೂ ಅವರು ಬೇಲಿ ಹಾಕಲಿಲ್ಲ. ಕವಿಯ ಮಾತು ಕೇಳುಗನ ಎದೆಗೆ ಮುಟ್ಟಬೇಕು. ರಾಗ ಅದಕ್ಕೆ ಹೆಗಲು ಕೊಡಬೇಕು. ಪುಸ್ತಕದಲ್ಲಿದ್ದ ಕವಿತೆ ಹೀಗೆ ಜನರ ನಾಲಿಗೆಗೆ ಬಂತು. 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತು. 2009ರಲ್ಲಿ, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದಂದೇ, ಅಶ್ವಥ್ ತೀರಿಕೊಂಡರು.

ಎರಡು ದೋಣಿಯಲ್ಲಿ ಕಾಲಿಡಬಾರದೆಂಬುದು ಹಿರಿಯರ ಮಾತು. ಅಶ್ವಥ್ ವರ್ಷಗಟ್ಟಲೆ ಇಟ್ಟರು, ಮುಳುಗಲಿಲ್ಲ. ಆದರೆ ಅದು ಪುಕ್ಕಟೆಯಾಗಿ ಬಂದದ್ದಲ್ಲ. ಇತರರು ವಿಶ್ರಮಿಸುವ ಹೊತ್ತಿನಲ್ಲಿ ಅವರು ಹಾರ್ಮೋನಿಯಂ ಮುಂದೆ ಕೂರಬೇಕಿತ್ತು. ಮಕ್ಕಳೇ, ಪಾಠ ಬಿಡಬೇಡಿ. ಪೋಷಕರೇ, ಪರೀಕ್ಷೆಯ ನೆಪದಲ್ಲಿ ಹಾಡು ನಿಲ್ಲಿಸಬೇಡಿ.