ಟಾರ್ಪಾಲು ಸಾಕೋ, ಶೆಡ್ಡಿಗೆ ಸಾಗಿಸಬೇಕೋ?

ಸಂಜೆ ಐದೂವರೆಗೆ ನಮ್ಮಮ್ಮ ಅಂಗಳದ ತುದಿಯಲ್ಲಿ ನಿಂತು ಕೇಳುವುದು ಒಂದೇ ಪ್ರಶ್ನೆ. "ಮಕ್ಳೇ, ಇವತ್ತ್ ಮಳಿ ಬತ್ತಾ ಇಲ್ಯಾ?"

ನಮ್ಮ ಮನೆ ಕೋಟದ ಪಡುಕರೆಯಲ್ಲಿ. ಮನೆಯ ಹಿಂದೆ ಹೊಯಿಗೆ, ಅದರಾಚೆ ಕಡಲು. ಹೊಯಿಗೆಯ ಮೇಲೆ ಹಳೆಯ ಬಲೆ ಹಾಸಿ ಮೀನು ಒಣಗಿಸುವುದು ಅಜ್ಜಿಯ ಕಾಲದಿಂದ ನಡೆದು ಬಂದ ಕಸುಬು. ಬಂದರಿನಿಂದ ನಂಗು, ಸಿಗಡಿ, ಸಣ್ಣ ಮೀನು ತಂದು, ಉಪ್ಪು ಹಾಕಿ, ಮೂರು ನಾಲ್ಕು ಬಿಸಿಲು ಕೊಟ್ಟು ಸಂತೆಗೆ ಒಯ್ಯುವುದು. ನಾವು ಅಕ್ಕ ತಂಗಿ ಇಬ್ಬರೂ ಗ್ರಾಮೀಣ ಪತ್ರಿಕೋದ್ಯಮ ಓದಿದ್ದು ಈ ಮೀನಿನ ದುಡ್ಡಿನಲ್ಲೇ.

ಒಣಮೀನಿನ ವ್ಯಾಪಾರದಲ್ಲಿ ಬಂಡವಾಳ ನೆಲದ ಮೇಲೆ ಬಿದ್ದಿರುತ್ತದೆ, ಮೇಲೆ ಆಕಾಶವೇ ಮಾಡು. ದಿನಾ ಸಂಜೆ ಮೀನನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚುವುದು ಹೇಗೂ ಇದ್ದದ್ದೇ. ಇಬ್ಬನಿಗೆ ಅಷ್ಟು ಸಾಕು. ಮಳೆಗೆ ಸಾಲದು, ನೀರು ಅಡಿಯಿಂದ ನುಗ್ಗುತ್ತದೆ. ಮಳೆ ಬರುವುದಾದರೆ ಎಲ್ಲವನ್ನೂ ಬುಟ್ಟಿಗೆ ತುಂಬಿ ಶೆಡ್ಡಿಗೆ ಸಾಗಿಸಬೇಕು. ಬೆಳಿಗ್ಗೆ ಮತ್ತೆ ತಂದು ಹರವಬೇಕು. ಕೆಲಸಕ್ಕೆ ಬರುವ ಇಬ್ಬರು ಹೆಂಗಸರಿಗೆ ಆ ಹೆಚ್ಚುವರಿ ದುಡಿಮೆಗೆ ಕೊಡುವುದು ಒಟ್ಟು 600 ರೂಪಾಯಿ.

ಹಾಗಾಗಿ ಅಮ್ಮನ ಪ್ರಶ್ನೆಗೆ ಬೆಲೆಯಿದೆ. ಆ ಬೆಲೆ ನಮಗೆ ಅರ್ಥವಾದದ್ದು 2019ರಲ್ಲಿ.

ಆ ವರ್ಷದ ಅಕ್ಟೋಬರಿನಲ್ಲಿ ನಾವು ಮೂರು ಸಲ "ಮಳೆ ಇದೆ" ಎಂದು ಹೇಳಿ ಮೀನು ಎತ್ತಿಸಿದ್ದೆವು. ಮೂರು ಸಲವೂ ಒಂದು ಹನಿ ಬೀಳಲಿಲ್ಲ. ಅಮ್ಮ ಏನೂ ಅನ್ನಲಿಲ್ಲ, ಆದರೆ 1,800 ರೂಪಾಯಿ ಹೋಗಿತ್ತು. ದೀಪಾವಳಿಗೆ ಎರಡು ಮೂರು ದಿನ ಇರುವಾಗ ನಾಲ್ಕನೆಯ ಮುನ್ಸೂಚನೆ ಬಂತು. ಈ ಹವಾಮಾನ ಇಲಾಖೆಯವರದ್ದು ಇಷ್ಟೇ ಎಂದು ನಾವೇ ನಕ್ಕು, "ಬೇಡಮ್ಮ, ಟಾರ್ಪಾಲು ಸಾಕು" ಅಂದೆವು. ಬೆಳಗಿನ ಜಾವ ಮೂರು ಗಂಟೆಗೆ ಶುರುವಾದ ಮಳೆ ಬೆಳಿಗ್ಗೆಯೂ ನಿಲ್ಲಲಿಲ್ಲ. ಅದು ಕ್ಯಾರ್ ಚಂಡಮಾರುತ ಹುಟ್ಟುತ್ತಿದ್ದ ಹೊತ್ತು. ಆ ಚಂಡಮಾರುತ ನಮ್ಮ ದಡಕ್ಕೆ ಬರಲೇ ಇಲ್ಲ. ಪಶ್ಚಿಮಕ್ಕೆ ಹೋಗಿ, 2007ರ ಗೋನು ನಂತರ ಅರಬ್ಬಿ ಸಮುದ್ರದ ಅತಿ ಬಲಶಾಲಿ ಚಂಡಮಾರುತವಾಗಿ, ಕಡಲಿನಲ್ಲೇ ಕರಗಿತು. ನಮಗೆ ಬಂದದ್ದು ಅದರ ಮಳೆ ಮಾತ್ರ. ಅಷ್ಟಕ್ಕೇ ಎರಡು ಬಿಸಿಲು ಕಂಡಿದ್ದ ನಂಗು ಪೂರ್ತಿ ಹುಳ ಬಿತ್ತು. ಮೀನಿನ ಹುಡಿ ಮಾಡುವವರಿಗೆ ಸಿಕ್ಕ ಬೆಲೆಗೆ ಕೊಟ್ಟೆವು. ಸಂಘದ ಸಾಲದ ಎರಡು ಕಂತು ಆ ತಿಂಗಳು ಬಾಕಿ ಉಳಿಯಿತು.

ತಪ್ಪು ಮುನ್ಸೂಚನೆಯದ್ದಲ್ಲ, ಅದನ್ನು ಓದಿದ ನಮ್ಮದು. ಆಮೇಲೆ ಕೂತು ಓದಿದಾಗ ಮೂರು ವಿಷಯ ಕಂಡವು.

ಮೊದಲನೆಯದು, ನಾವು ಪತ್ರಿಕೆಗೆ ಬರೆಯುವಾಗ ನುಂಗಿ ಹಾಕುವ ಒಂದು ಪದ. ಇಲಾಖೆಯ ಪ್ರಕಟಣೆಯಲ್ಲಿ "ಒಂದೆರಡು ಕಡೆ", "ಕೆಲವು ಕಡೆ", "ಹಲವು ಕಡೆ", "ಬಹುತೇಕ ಎಲ್ಲ ಕಡೆ" ಎಂದು ಇರುತ್ತದೆ. ಇವು ಸುಮ್ಮನೆ ಬಳಸಿದ ಮಾತುಗಳಲ್ಲ, ಪ್ರತಿಯೊಂದಕ್ಕೂ ಅಳತೆಯಿದೆ. ಒಂದೆರಡು ಕಡೆ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. ಕೆಲವು ಕಡೆ ಎಂದರೆ 26ರಿಂದ 50. ಹಲವು ಕಡೆ ಎಂದರೆ 51ರಿಂದ 75. ಅದಕ್ಕಿಂತ ಮೇಲಿದ್ದರೆ ಬಹುತೇಕ ಎಲ್ಲ ಕಡೆ. ನಾವು ಈ ಪದ ಕಿತ್ತು "ಕರಾವಳಿಯಲ್ಲಿ ಮಳೆ ಸಾಧ್ಯತೆ" ಎಂದು ತಲೆಬರಹ ಕೊಡುತ್ತೇವೆ. ಓದಿದವರ ಮನೆಯಲ್ಲಿ ಮಳೆ ಬರದಿದ್ದರೆ ಸುಳ್ಳು ಅನ್ನಿಸುತ್ತದೆ. ನಾಲ್ಕು ಕೇಂದ್ರದಲ್ಲಿ ಒಂದಕ್ಕೆ ಮಳೆ ಎಂದು ಹೇಳಿ ಒಂದಕ್ಕೆ ಬಂದರೆ, ಉಳಿದ ಮೂರು ಊರಿನವರು ಬೈದರೂ ಮುನ್ಸೂಚನೆ ಸರಿಯಾಗಿಯೇ ಇತ್ತು.

ಎರಡನೆಯದು ಬಣ್ಣ. ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಗಳು ಮುಖ್ಯವಾಗಿ ಜೋರು ಮಳೆ, ಗಾಳಿ, ಸಿಡಿಲಿಗೆ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ತಗ್ಗಿನ ಮನೆಯವರಿಗೆ, ಶಾಲೆಗೆ ರಜೆ ಕೊಡುವವರಿಗೆ ಈ ಅಂಕಿ ಬೇಕು. ನಮ್ಮ ಮೀನಿಗೆ ಐದು ಮಿಲಿಮೀಟರ್ ಸಾಕು. ಬಣ್ಣ ಇಲ್ಲದ ದಿನವೂ ನಮ್ಮ ಅಂಗಳ ಹಾಳಾಗಬಹುದು. ಗದ್ದೆ ಕೊಯ್ಲಿಗೆ ಯಂತ್ರ ಗೊತ್ತು ಮಾಡಿದವನಿಗೂ, ಶಾಮಿಯಾನ ಹಾಕುವವನಿಗೂ, ನೆಲಗಡಲೆ ಕಿತ್ತು ಹರವಿದವನಿಗೂ ಮಿತಿ ಬೇರೆ ಬೇರೆ. ಎಷ್ಟು ಮಳೆಗೆ ನಮ್ಮ ಕಸುಬು ಕೆಡುತ್ತದೆ ಎಂಬುದನ್ನು ನಾವೇ ಗೊತ್ತು ಮಾಡಿಕೊಳ್ಳಬೇಕು.

ಮೂರನೆಯದು ಗಡಿಯಾರ. ಇಲಾಖೆಯ ಮಳೆಯ ದಿನ ಮುಗಿಯುವುದು ರಾತ್ರಿ ಹನ್ನೆರಡಕ್ಕಲ್ಲ, ಮರುದಿನ ಬೆಳಿಗ್ಗೆ 8.30ಕ್ಕೆ. ನಮ್ಮ ಮೀನು ನೆನೆದ ಬೆಳಗಿನ ಜಾವದ ಮಳೆ ಹಿಂದಿನ ದಿನದ ಸಾಲಿನಲ್ಲಿ ಇತ್ತು. ನಾವು ನಾಳೆಯ ಸಾಲು ನೋಡುತ್ತಾ ಕೂತಿದ್ದೆವು.

ಇಷ್ಟಾದ ಮೇಲೂ ಅಮ್ಮನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಾಲ್ಕರಲ್ಲಿ ಒಂದು ಎಂದರೆ ಎತ್ತಬೇಕೋ ಬೇಡವೋ? ಇಲ್ಲಿ ಹವಾಮಾನ ಮುಗಿದು ವ್ಯಾಪಾರ ಶುರುವಾಗುತ್ತದೆ.

ಲೆಕ್ಕ ಬಹಳ ಸರಳ. ಮೀನು ಸಾಗಿಸುವ ಖರ್ಚು 600. ಹೆಚ್ಚು ಕಡಿಮೆ ಒಣಗಿದ ಮೀನು ನೆನೆದರೆ ನಷ್ಟ ಸುಮಾರು 6,000. ಅರುನೂರನ್ನು ಆರು ಸಾವಿರದಿಂದ ಭಾಗಿಸಿದರೆ ಹತ್ತರಲ್ಲಿ ಒಂದು. ಮಳೆಯ ಸಾಧ್ಯತೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಎತ್ತುವುದೇ ಲಾಭ, ಕಡಿಮೆ ಇದ್ದರೆ ಟಾರ್ಪಾಲು ಸಾಕು. ಆದರೆ ಅದೇ ದಿನ ಉಪ್ಪು ಹಾಕಿದ ಹಸಿ ಮೀನು ನೆನೆದರೆ ಅಷ್ಟು ಕೆಡುವುದಿಲ್ಲ. ತೊಳೆದು ಮತ್ತೆ ಉಪ್ಪು ಹಾಕಬಹುದು, ನಷ್ಟ 2,000 ಇರಬಹುದು. ಆಗ ಲೆಕ್ಕ ಹತ್ತರಲ್ಲಿ ಮೂರು. "ಒಂದೆರಡು ಕಡೆ" ಎಂದು ಬಂದ ಸಂಜೆ ಒಣಗಿದ ಮೀನು ಶೆಡ್ಡಿಗೆ ಹೋಗುತ್ತದೆ, ಹಸಿ ಮೀನು ಟಾರ್ಪಾಲಿನ ಅಡಿ ಉಳಿಯುತ್ತದೆ. "ಕೆಲವು ಕಡೆ" ಎಂದು ಬಂದರೆ ಎರಡೂ ಒಳಗೆ. ಮುನ್ಸೂಚನೆ ಒಂದೇ ಇದ್ದರೂ ತೀರ್ಮಾನ ಬೇರೆಯಾಗಬಹುದು.

ಅಮೆರಿಕದ ವಿದ್ಯುತ್ ಕಂಪನಿಗಳು 1997ರಲ್ಲಿ ಚಳಿ ಹೆಚ್ಚು ಕಡಿಮೆಯಾದರೆ ಆಗುವ ನಷ್ಟವನ್ನು ಒಪ್ಪಂದ ಮಾಡಿ ಹಂಚಿಕೊಳ್ಳಲು ಶುರು ಮಾಡಿದಾಗ, ಅದರ ಬುಡದಲ್ಲಿ ಇದ್ದದ್ದೂ ಇಂಥದ್ದೇ ಲೆಕ್ಕ. 1999ರಿಂದ ಶಿಕಾಗೋದ ಮಾರುಕಟ್ಟೆಯಲ್ಲಿ ಹವಾಮಾನದ ಮೇಲೆ ಒಪ್ಪಂದಗಳ ಮಾರಾಟವೂ ನಡೆಯುತ್ತಿದೆ. ಅವರದ್ದು ಕೋಟಿ, ನಮ್ಮದು ಸಾವಿರ.

ನಾವು ಒಂದು ನೋಟ್‌ಬುಕ್ ಇಟ್ಟೆವು. ಮುನ್ಸೂಚನೆ ಏನು, ಎತ್ತಿದೆವೋ ಇಲ್ಲವೋ, ಮಳೆ ಬಂತೋ ಇಲ್ಲವೋ. ಒಂದು ಹಂಗಾಮಿನಲ್ಲಿ 24 ಸಲ ಎತ್ತಿದೆವು. ಮಳೆ ಬಂದದ್ದು ಏಳು ಸಲ. ಹದಿನೇಳು ಸಲ ಎತ್ತಿದ್ದು ವ್ಯರ್ಥ. ಎತ್ತದೆ ಬಿಟ್ಟು ನೆನೆದದ್ದು ಒಂದು ಸಲ. ಅಮ್ಮನಿಗೆ ಆ ಹದಿನೇಳೇ ಕಣ್ಣಿಗೆ ಹೊಡೆಯಿತು. "ಸುಮ್ನೆ ಅಲ್ದಾ?" ಅಂದರು.

ಲೆಕ್ಕ ಬರೆದು ತೋರಿಸಿದೆವು. 24 ಸಲದ ಖರ್ಚು 14,400. ನೆನೆದ ಒಂದು ಸಲದ ನಷ್ಟ 6,000. ಒಟ್ಟು 20,400. ಒಂದು ಸಲವೂ ಎತ್ತದೆ ಇದ್ದಿದ್ದರೆ ಎಂಟು ಸಲ ನೆನೆದು 48,000 ಹೋಗುತ್ತಿತ್ತು. ಹೆದರಿ ದಿನಾ ಎತ್ತಿದ್ದರೆ, ಇನ್ನೂರು ಸಂಜೆಗೆ 1,20,000. ಅಮ್ಮ ಕಾಗದವನ್ನು ಎರಡು ಸಲ ನೋಡಿ, ಮಡಚಿ, ದೇವರ ಪಟದ ಹಿಂದೆ ಇಟ್ಟರು.

ನೋಟ್‌ಬುಕ್ಕಿನಿಂದ ಇನ್ನೊಂದು ವಿಷಯವೂ ತಿಳಿಯಿತು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನ ಮಳೆ ಘಟ್ಟದ ಬುಡದಲ್ಲಿ ಬಿದ್ದಷ್ಟು ಸಲ ಪಡುಕರೆಗೆ ಬರುವುದಿಲ್ಲ. ಜಿಲ್ಲೆಗೆಲ್ಲ ಒಂದೇ ಮುನ್ಸೂಚನೆ, ಆದರೆ ಜಿಲ್ಲೆ ಕಡಲಿನಿಂದ ಘಟ್ಟದವರೆಗೆ ಇದೆ. ನಮ್ಮ ಅಂಗಳದ್ದೇ ದಾಖಲೆ ಇದ್ದರೆ ಆ ವ್ಯತ್ಯಾಸ ಹಿಡಿಯಬಹುದು.

ಹಿರಿಯರಿಗೆ ಈ ಲೆಕ್ಕ ಇರಲಿಲ್ಲವೇ? ಇತ್ತು, ಬೇರೆ ರೂಪದಲ್ಲಿ. ಮೇಳಗಳು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಡುತ್ತವೆ, ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಬಯಲಾಟಕ್ಕೆ ಮಳೆಯ ಭಯ ಇಲ್ಲದ ತಿಂಗಳುಗಳು ಅವು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮೀನು ಮರಿ ಮಾಡುವ ಕಾಲವೂ ಅದೇ, ಕಡಲು ಹುಚ್ಚೇಳುವ ಕಾಲವೂ ಅದೇ. ನೂರಾರು ವರ್ಷದ ಸರಾಸರಿಯನ್ನು ಕ್ಯಾಲೆಂಡರಿನಲ್ಲಿ ಕಟ್ಟಿಟ್ಟಿದ್ದಾರೆ. ಇದೇ ಹವಾಗುಣ. ಇವತ್ತು ರಾತ್ರಿ ಏನಾಗುತ್ತದೆ ಎಂಬುದು ಹವಾಮಾನ.

ಈಗ ಆ ಕ್ಯಾಲೆಂಡರಿನ ಅಂಚು ಸಡಿಲವಾಗುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2000ದ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬಿ ಸಮುದ್ರದ ಚಂಡಮಾರುತಗಳು ನೂರಕ್ಕೆ 52ರಷ್ಟು ಹೆಚ್ಚಿವೆ. ಕಡಲು ಬಿಸಿಯಾದಷ್ಟು ಗಾಳಿಗೆ ಬಲ. ಅವು ಬರುವುದು ಹೆಚ್ಚಾಗಿ ಮಳೆಗಾಲದ ಹಿಂದೆ ಮುಂದೆ, ಮೇ ಮತ್ತು ಅಕ್ಟೋಬರ್, ನವೆಂಬರಿನಲ್ಲಿ. ನಮ್ಮ ವ್ಯಾಪಾರದ ಎರಡು ತುದಿಗಳೂ ಅವೇ.

2021ರ ಮೇ 15ರಂದು ತೌಕ್ತೆ ನಮ್ಮ ದಡದ ಎದುರು ಹಾದುಹೋಯಿತು. ಪತ್ತನಾಜೆಗೆ ಇನ್ನೂ ಒಂಬತ್ತು ದಿನ ಇತ್ತು. ಮಳೆಗಾಲಕ್ಕೆಂದು ಜನ ಒಣಮೀನು ಕೊಳ್ಳುವ ತಿಂಗಳು ಅದು, ವರ್ಷದ ಲಾಭ ಕೈಗೆ ಬರುವ ತಿಂಗಳು. ಕೊರೊನಾ ಲಾಕ್‌ಡೌನಿನಿಂದ ಸಂತೆ ಇರಲಿಲ್ಲ, ಮಾಲೆಲ್ಲ ಮನೆಯಲ್ಲೇ. ಈ ಸಲ ನಾವು ಮುನ್ಸೂಚನೆ ಸರಿಯಾಗಿ ಓದಿದ್ದೆವು. ಎರಡು ದಿನ ಮೊದಲೇ ಅಷ್ಟನ್ನೂ ಶೆಡ್ಡಿಗೆ ತುಂಬಿ, ಹೆಮ್ಮೆಯಿಂದ ಬೀಗ ಹಾಕಿದೆವು. ಗಾಳಿ ಶೆಡ್ಡಿನ ನಾಲ್ಕು ತಗಡನ್ನು ಎತ್ತಿಕೊಂಡು ಹೋಯಿತು.

ಮಳೆಯ ಸಾಲು ಓದಿದ್ದ ನಾವು ಗಾಳಿಯ ಸಾಲು ಓದಿರಲಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ವೇಗ ಎರಡನ್ನೂ ದಿನಾ ಹೇಳುತ್ತದೆ. ಅದು ದೋಣಿಯವರಿಗೆ, ನಮಗೇಕೆ ಅಂದುಕೊಂಡಿದ್ದೆವು. ಇನ್ನೊಂದು ತಪ್ಪು, ವರ್ಷದ ದುಡಿಮೆಯನ್ನೆಲ್ಲ ಒಂದೇ ಮಾಡಿನಡಿ ಇಟ್ಟದ್ದು. ಆ ರಾತ್ರಿ ಅಮ್ಮ ಅಳಲಿಲ್ಲ. ನೆನೆದ ಚೀಲಗಳನ್ನು ಒಂದೊಂದಾಗಿ ಮನೆಯೊಳಗೆ ಎಳೆದು ತರುತ್ತಾ ಇದ್ದರು. ಈಗ ಏಪ್ರಿಲ್ ಕೊನೆಗೆ ಅರ್ಧ ಮಾಲು ಘಟ್ಟದ ಬುಡದ ಮಾವನ ಮನೆಗೆ ಹೋಗುತ್ತದೆ. ಸಾಗಾಟದ ಖರ್ಚು ಇದೆ, ನಿದ್ದೆಯೂ ಬರುತ್ತದೆ.

ಮಾವನಿಗೆ ಅಡಿಕೆ ತೋಟ. ಅವರಿಗೆ ನಮಗಿಲ್ಲದ ಒಂದು ಆಸರೆ ಇದೆ, ಹವಾಮಾನ ಆಧಾರಿತ ಬೆಳೆ ವಿಮೆ. ಭಾರತದಲ್ಲಿ ಇಂಥ ವಿಮೆ ಶುರುವಾದದ್ದು 2003ರಲ್ಲಿ, ಮೆಹಬೂಬ್‌ನಗರದ ನೆಲಗಡಲೆ ಮತ್ತು ಹರಳು ಬೆಳೆಗಾರರಿಗೆ. 2007ರ ಮುಂಗಾರಿನಲ್ಲಿ ಸರಕಾರದ ಯೋಜನೆ ಪ್ರಾಯೋಗಿಕವಾಗಿ ನಮ್ಮ ಕರ್ನಾಟಕಕ್ಕೆ ಬಂತು, 2016ರಲ್ಲಿ ಹೊಸ ರೂಪ ಪಡೆಯಿತು. ಈಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತ ಕಟ್ಟುವುದು ನೂರಕ್ಕೆ ಐದರಂತೆ 6,400. ತೋಟ ನೋಡಲು ಯಾರೂ ಬರುವುದಿಲ್ಲ. ಮಳೆ, ಉಷ್ಣಾಂಶದ ಅಳತೆ ನಿಗದಿಯಾದ ಮಿತಿ ದಾಟಿದರೆ ಹಣ ತಾನಾಗಿ ಬರುತ್ತದೆ.

ಅನುಕೂಲವೂ ತೊಡಕೂ ಅಲ್ಲೇ ಇವೆ. ಹಣ ಕೊಡುವುದು ಮಳೆಮಾಪಕ, ತೋಟವಲ್ಲ. ಒಂದು ವರ್ಷ ಮಾವನ ತೋಟಕ್ಕೆ ಕೊಳೆರೋಗ ಬಡಿಯಿತು. ಮಾಪಕ ಇದ್ದದ್ದು ಗುಡ್ಡದ ಆಚೆ, ಅಲ್ಲಿ ಮಳೆ ಕಡಿಮೆ. ಸಿಕ್ಕಿದ್ದು ಅಲ್ಪ. ಇನ್ನೊಂದು ವರ್ಷ ತೋಟ ಚೆನ್ನಾಗಿದ್ದರೂ ಹಣ ಬಂತು. ವಿಮೆ ಮಾಡಿಸುವವರು ತಮ್ಮ ಪಂಚಾಯತಿನ ಮಾಪಕ ಎಲ್ಲಿದೆ, ಸರಿ ಇದೆಯೇ ಎಂದು ಹೋಗಿ ನೋಡುವುದು ಒಳ್ಳೆಯದು.

ಆ ಯೋಜನೆಯ ಪಟ್ಟಿಯಲ್ಲಿ ಅಡಿಕೆ ಇದೆ, ಕಾಳುಮೆಣಸು ಇದೆ, ಒಣಮೀನು ಇಲ್ಲ. ಅದು ಬೆಳೆ ಅಲ್ಲವಲ್ಲ. ಹಾಗಾಗಿ ನಮ್ಮ ವಿಮೆ ನಾವೇ. ಮಾಲು ಮಾರಿದ ದಿನ ನೂರು ರೂಪಾಯಿ ಒಂದು ಡಬ್ಬಿಗೆ. ಅದನ್ನು ಮದುವೆಗೂ ಹಬ್ಬಕ್ಕೂ ಮುಟ್ಟುವುದಿಲ್ಲ. ಹೊಯಿಗೆಯ ಮೇಲೆ ಹರವುವ ಬದಲು ಬಿದಿರಿನ ತಟ್ಟಿ ಕಟ್ಟಿ ಎತ್ತರದಲ್ಲಿ ಒಣಗಿಸುತ್ತಿದ್ದೇವೆ. ನೀರು ಅಡಿಯಿಂದ ನುಗ್ಗುವುದಿಲ್ಲ, ಎತ್ತುವ ಕೆಲಸವೂ ಹಗುರ. ತಟ್ಟಿ ಬಂದ ಮೇಲೆ ಸಾಗಿಸುವ ಖರ್ಚು 600ರಿಂದ 400ಕ್ಕೆ ಇಳಿಯಿತು. ಖರ್ಚು ಇಳಿದರೆ ಲೆಕ್ಕವೂ ಬದಲಾಗುತ್ತದೆ, ಹದಿನೈದರಲ್ಲಿ ಒಂದು ಸಾಧ್ಯತೆ ಇದ್ದರೂ ಎತ್ತಬಹುದು.

ಮುನ್ಸೂಚನೆಗೆ ದುಡ್ಡು ಕೊಡಬೇಕಿಲ್ಲ. ಮೌಸಮ್, ಮೇಘದೂತ್ ಆ್ಯಪ್‌ಗಳು ಫೋನಿನಲ್ಲಿ ಸಿಗುತ್ತವೆ. ರಾಜ್ಯದ ವರುಣಮಿತ್ರ ಸಹಾಯವಾಣಿ 92433 45433. ಆದರೆ ಮೂರು ಅಂಕಿ ಯಾವ ಆ್ಯಪ್‌ನಲ್ಲೂ ಇಲ್ಲ. ಎಷ್ಟು ಮಳೆಗೆ ಕೆಡುತ್ತದೆ, ಉಳಿಸಿಕೊಳ್ಳಲು ಎಷ್ಟು ಖರ್ಚು, ಕೆಟ್ಟರೆ ಎಷ್ಟು ನಷ್ಟ. ಇವನ್ನು ಮನೆಯಲ್ಲೇ ಕೂತು ಬರೆಯಬೇಕು, ಮೋಡ ಇಲ್ಲದ ದಿನ.

ಮೊನ್ನೆ ಸಂಜೆಯೂ ಅಮ್ಮ ಅಂಗಳದ ತುದಿಯಲ್ಲಿ ನಿಂತಿದ್ದರು. ಪಡುವಣದಲ್ಲಿ ಸ್ವಲ್ಪ ಕಪ್ಪು ಇತ್ತು. ನಾವು ಫೋನು ತೆಗೆಯುವ ಮೊದಲೇ ಕೇಳಿದರು, "ಒಂದೆರಡ್ ಕಡೆಯಾ, ಕೆಲವ್ ಕಡೆಯಾ?"

ಒಂದೆರಡು ಕಡೆ ಅಂದೆವು.

"ಹಂಗಾರೆ ಸಿಗಡಿ ಒಳಗೆ, ನಂಗ್ ಇಲ್ಲೇ ಇರ್ಲಿ," ಎಂದು ಬುಟ್ಟಿ ಎತ್ತಿಕೊಂಡರು. ಸಿಗಡಿಗೆ ಮೂರನೇ ಬಿಸಿಲು ಆಗಿತ್ತು. ನಂಗಿಗೆ ಆ ದಿನವಷ್ಟೇ ಉಪ್ಪು ಬಿದ್ದಿತ್ತು. ರಾತ್ರಿ ಮಳೆ ಬರಲಿಲ್ಲ. ಬೆಳಿಗ್ಗೆ ಸಿಗಡಿಯನ್ನು ತಟ್ಟಿಗೆ ಹರವುತ್ತಾ ಅಮ್ಮ ಗೊಣಗಲಿಲ್ಲ. ನೋಟ್‌ಬುಕ್ ತಂದು ಕೊಟ್ಟು, ಬರೆಯಿರಿ ಅಂದರು.